ಹೇಂಟೆಗವಿ

ನಮ್ಮ ಕೆಳಬೀದಿಯ ಚರ್ಚಿನ ಹಿಂದೆ ಬೋಳುಬಂಡೆಯ ಒಂದು ಗುಡ್ಡವಿದೆ. ಅದರ ನಡುವೆ ಒಬ್ಬರು ಬಾಗಿ ನುಗ್ಗುವಷ್ಟು ಬಿರುಕು, ಬಿರುಕಿನ ಬಾಯಲ್ಲಿ ಸವೆದ ಒಂದು ಚಪ್ಪಟೆ ಕಲ್ಲು. ಅದೇ ಹೇಂಟೆಗವಿ. ಯೇಸು ಮತ್ತೆ ಎದ್ದ ಪಾಸ್ಕಹಬ್ಬಕ್ಕೆ ಬರುವ ಪರ ಊರಿನವರು ಇಲ್ಲಿ ಪವಾಡವಾಯಿತಂತೆ, ಹೌದೇ ಎಂದು ವರ್ಷವೂ ನನ್ನನ್ನೇ ಕೇಳುತ್ತಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಪವಾಡವಲ್ಲ, ಬರೀ ದಣಿವು ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಆದರೂ ಬಿಸಿಲಲ್ಲಿ ಗುಡ್ಡ ಹತ್ತಿ ಬಂದವರಿಗೆ ಇಲ್ಲ ಎನ್ನಲಾಗದೆ ಹೇಳುತ್ತೇನೆ.

ಹಿಂದೆ ಒಮ್ಮೆ, ನಮ್ಮ ತಾತನ ತಾತ ಬದುಕಿದ್ದ ಕಾಲದಲ್ಲಿ, ತಪಸ್ಸುಕಾಲದ ನಲವತ್ತು ದಿನದ ಉಪವಾಸ ಬಂತೆಂದರೆ ಪಾಸ್ಕದವರೆಗೆ ನಮ್ಮ ಬೀದಿಯಲ್ಲಿ ಯಾರೂ ಬಾಡು, ಮೊಟ್ಟೆ ಮುಟ್ಟುತ್ತಿರಲಿಲ್ಲ. ಉಪವಾಸ ನಮಗೇ ಹೊರತು ಕೋಳಿಗಳಿಗಲ್ಲವಲ್ಲ, ಅವು ಇಡುತ್ತಲೇ ಇದ್ದವು. ಆ ಮೊಟ್ಟೆಗಳನ್ನೆಲ್ಲ ಗವಿಯ ತಂಪಿನಲ್ಲಿ ರಾಗಿಹುಲ್ಲಿನ ಮೇಲೆ ಕೂಡಿಟ್ಟು, ಹಬ್ಬದ ಬೆಳಗ್ಗೆ ಬೀದಿಗೆಲ್ಲ ಮೊಟ್ಟೆಸಾರು, ಮುದ್ದೆ, ಬೆಲ್ಲದ ಕಡುಬು ಮಾಡುತ್ತಿದ್ದರು. ನಡುವೆಯೇ ಮೇಲುಬೀದಿಯವರ ಯುಗಾದಿ ಬರುತ್ತಿತ್ತು. ಬೇವುಬೆಲ್ಲ, ಒಬ್ಬಟ್ಟು ಮುಗಿದ ಮರುದಿನ ಹೊಸತೊಡಕು. ಅಲ್ಲಿಂದ ಇಳಿದುಬರುವ ಬಾಡಿನ ವಾಸನೆಯನ್ನೇ ನಂಚಿಕೊಂಡು ನಮ್ಮವರು ಗಂಜಿ ಕುಡಿಯುತ್ತಿದ್ದರು ಎನ್ನುತ್ತಾರೆ. ಮೊಟ್ಟೆ ಕಾಯುವ ಕೆಲಸ ಚೌರಮ್ಮ ಎಂಬ ವಿಧವೆಯದು. ಅವಳು ಒಂದನ್ನೂ ಮುಟ್ಟಳು ಎಂಬ ನಂಬಿಕೆಯೊಂದೇ ಅವಳಿಗಿದ್ದ ಆಸ್ತಿ.

ಒಂದು ವರ್ಷ ತಪಸ್ಸುಕಾಲದ ಮೊದಲಲ್ಲೇ ಕೋಳಿರೋಗ ಬಿತ್ತು. ಕತ್ತು ತಿರುಚಿ ಬಿದ್ದ ಕೋಳಿಗಳನ್ನು ಎರಡೂ ಬೀದಿಯವರು ಬುಟ್ಟಿಗಟ್ಟಲೆ ಹೂತರು. ಗವಿಯಲ್ಲಿ ಕೂಡಿದ್ದದ್ದು ಒಂದು ಹೇಂಟೆಯ ರೆಕ್ಕೆಯಡಿ ಹಿಡಿಸುವಷ್ಟೇ ಮೊಟ್ಟೆ. ಯುಗಾದಿಗೆ ಇನ್ನೊಂದು ವಾರವಿರುವಾಗ ಚೌರಮ್ಮ ಮೇಲೆ ಹತ್ತಿದರೆ, ರೋಗಕ್ಕೆ ಸಿಗದೆ ಉಳಿದ ಯಾರ ಮನೆಯದೋ ಕಪ್ಪು ಹೇಂಟೆ ಅವುಗಳ ಮೇಲೆ ಕಾವಿಗೆ ಕೂತಿತ್ತು. ಓಡಿಸಲೆಂದು ಕೋಲೆತ್ತಿದಳು. ಓಡಿಸಿದರೆ ಹಬ್ಬಕ್ಕೆ ಸಾರಾಗುತ್ತದೆ, ಬಿಟ್ಟರೆ ಊರಿಗೆ ಕೋಳಿಯಾಗುತ್ತದೆ. ಕೇಳಿದರೆ ಹಸಿದ ಬೀದಿ ಏನನ್ನುತ್ತದೆಂದು ಅವಳಿಗೆ ಗೊತ್ತಿತ್ತು. ಯಾರನ್ನೂ ಕೇಳದೆ ಕೋಲು ಕೆಳಗಿಟ್ಟಳು. ಅಂದಿನಿಂದ ಮುಂಗುಸಿ, ಉಡಗಳಿಗೆ ಹೆದರಿ ಹಗಲಿರುಳು ಆ ಚಪ್ಪಟೆ ಕಲ್ಲಿನ ಮೇಲೆಯೇ ಕೂತಳು. ತನ್ನ ಗಂಜಿಯಲ್ಲಿ ಹೇಂಟೆಗೂ ಪಾಲು ಕೊಟ್ಟಳು. ಕೂತಲ್ಲೇ ತೂಕಡಿಸಿ ಬೆಚ್ಚಿ ಏಳುತ್ತಿದ್ದಳಂತೆ.

ಪಾಸ್ಕದ ಬೆಳಗ್ಗೆ ಬೀದಿಯ ಯಜಮಾನ ಇನ್ನಾಸಪ್ಪ ಬುಟ್ಟಿ ಹಿಡಿದು ಬಂದ. ಹಿಂದೆ ಮಕ್ಕಳ ಹಿಂಡು. ಗವಿಯೊಳಗೆ ಹುಲ್ಲಿನ ತುಂಬ ಚಿಪ್ಪು, ಹೇಂಟೆಯ ರೆಕ್ಕೆಯಡಿ ಚಿಂವ್‌ಗುಟ್ಟುವ ಮರಿಗಳು.

“ಏನಕ್ಕ ಇದು? ಮಕ್ಕಳು ಬಾಯಿಕಟ್ಕಂಡು ಕಾದವಲ್ಲ, ಅವಕ್ಕೇನು ಹೇಳಾನ?”

“ನಾ ತಿಂದಿಲ್ಲ ಕಣಪ್ಪ. ಇವತ್ತು ಇವನ್ನ ತಿಂದಿದ್ರೆ ಬರೋ ವರ್ಸಕ್ಕೆ ಏನಿರ್ತಿತ್ತು? ಊರಲ್ಲಿ ಒಂದಾದ್ರೂ ಕೋಳಿ ಕೂಗ್ತದಾ, ಹೇಳು.”

“ಓಹೋ, ನಿನ್ ಕೋಳಿ ಕೂಗುದ್ರೇ ಬೆಳಗಾಗೋದು! ನೀನೂ ಒಂದು ಹೇಂಟೆ, ಗವೀಲೇ ಕೂತಿರು!”

ಹಬ್ಬದ ದಿನವೂ ಬೀದಿ ಗಂಜಿಯನ್ನೇ ಕುಡಿಯಿತು. ಅಂದಿನಿಂದ ಚೌರಮ್ಮನಿಗೆ ಹೇಂಟೆ ಎಂಬ ಹೆಸರಾಯಿತು. ಗವಿ ಹೇಂಟೆಗವಿಯಾಯಿತು. ಅವಳು ದಣಿದ ಮೈಯಲ್ಲೇ ಮತ್ತೆ ಆ ಕಲ್ಲಿನ ಮೇಲೆ ಕೂತಳು. ಮರಿಗಳು ಬಲಿಯುವತನಕ ಅಲ್ಲೇ ಇದ್ದು, ಮಳೆ ಹಿಡಿದ ಮೇಲೆ ಮನೆಮನೆಗೆ ಹಂಚಿದಳು. ಇನ್ನಾಸಪ್ಪನ ಪಾಲಿಗೆ ಹುಂಜ ಬಂತು. ಒಂದು ನಸುಕಿನಲ್ಲಿ ಅದು ಒಡಕು ದನಿಯಲ್ಲಿ ಮೊದಲ ಸಲ ಕೂಗಿದಾಗ ಬೀದಿಗೆ ಬೀದಿಯೇ ಎದ್ದು ಬಾಗಿಲಿಗೆ ಬಂತು. ಚೌರಮ್ಮನ ಬಾಗಿಲು ಮಾತ್ರ ತೆರೆಯಲಿಲ್ಲ. ಯಾರೋ ತಟ್ಟಲು ಹೋದರೆ ಇನ್ನಾಸಪ್ಪ ತಡೆದನಂತೆ. “ಮಲಗ್ಲಿ ಬುಡ್ರಪ್ಪ,” ಎಂದು ಅವಳ ಜಗುಲಿಯ ಮೇಲೆ ತಾನೇ ಕೂತ, ಅವಳು ಹೊತ್ತೇರಿ ಏಳುವತನಕ.

ಇಂದಿಗೂ ಪಾಸ್ಕದ ಬೆಳಗ್ಗೆ ಸಾರಿಗಿಂತ ಮುಂಚೆ ಗವಿಯ ಮುಂದೆ ಎಲ್ಲರಿಗೂ ಒಂದೊಂದು ಲೋಟ ಗಂಜಿ ಕೊಡುತ್ತೇವೆ. ಪ್ರತಿ ಮನೆಯಿಂದ ಒಂದು ಮೊಟ್ಟೆ ಹುಲ್ಲಿನ ಮೇಲೆ ಉಳಿಯುತ್ತದೆ, ಅದನ್ನು ಯಾರೂ ಬೇಯಿಸುವುದಿಲ್ಲ. ಗೋಡೆಗೆ ಯಾರೋ ಬರೆದ ಕಪ್ಪು ಕೋಳಿಗೆ ಬಂದವರು ಕೈ ಮುಗಿಯುತ್ತಾರೆ, ಮುಗಿಯಲಿ. ಗುಡ್ಡ ಹತ್ತಿ ಸುಸ್ತಾದವರು ಗವಿಯ ಬಾಯಲ್ಲಿರುವ ಆ ಸವೆದ ಕಲ್ಲಿನ ಮೇಲೆ ಕೂರಲು ಹೋದರೆ ಮಾತ್ರ ನಮ್ಮ ಚಿಕ್ಕ ಮಕ್ಕಳೂ ತೋಳು ಹಿಡಿದು ಪಕ್ಕಕ್ಕೆ ಸರಿಸುತ್ತವೆ: “ಅಲ್ಲಿ ಅಜ್ಜಿ ಕೂತವ್ಳೆ, ಈ ಕಡೆ ಕೂತ್ಕಳಿ.”