ಕುರಿಹಟ್ಟಿಗೆ ಹೋದ ಸೂಲಗಿತ್ತಿ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಕೇಳಿದರೆ ಹೇಳುವವರು ಈಗ ಯಾರೂ ಉಳಿದಿಲ್ಲ. ಎರೆಹೊಲಗಳ ನಡುವೆ ಹಿರೇಬನ್ನಿ ಅಂತ ಒಂದು ಊರು. ಆ ಊರಲ್ಲಿ ಫಕೀರವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಬಸುರಿಯ ಹೊಟ್ಟೆಯ ಮೇಲೆ ಒಮ್ಮೆ ಅಂಗೈ ಇಟ್ಟರೆ ಸಾಕು, ಕೂಸಿನ ತಲೆ ಎಲ್ಲಿದೆ, ಕಾಲು ಎಲ್ಲಿದೆ ಅಂತ ಹೇಳುತ್ತಿದ್ದಳಂತೆ. ಸುತ್ತಲಿನ ಏಳು ಹಳ್ಳಿಗಳಲ್ಲಿ ಅವಳ ಕೈಯಲ್ಲಿ ಹುಟ್ಟದ ಮಕ್ಕಳನ್ನು ಹುಡುಕಬೇಕಾಗಿತ್ತು ಅಂತಾರೆ.

ಈ ವಿದ್ಯೆ ಅವಳಿಗೆ ಅತ್ತೆಯಿಂದ ಬಂದದ್ದು. ಆ ಅತ್ತೆ ಸಾಯುವಾಗ, ನನಗೆ ಗೊತ್ತಿದ್ದದ್ದೆಲ್ಲ ನಿನಗೆ ಕೊಟ್ಟಿದ್ದೇನೆ, ಇನ್ನು ನೀನು ಯಾರನ್ನೂ ಏನೂ ಕೇಳಬೇಕಾಗಿಲ್ಲ ಅಂದಿದ್ದಳಂತೆ. ಫಕೀರವ್ವ ಹಾಗೇ ನಡೆದುಕೊಂಡಳು. ಹೆರಿಗೆ ಕೋಣೆಗೆ ಅವಳು ಕಾಲಿಟ್ಟರೆ ಉಳಿದ ಹೆಂಗಸರು ಬಾಯಿ ಮುಚ್ಚಬೇಕು. ನೀರು ಕಾಯಿಸು ಅಂದರೆ ಕಾಯಿಸಬೇಕು, ಅರಿವೆ ತಾ ಅಂದರೆ ತರಬೇಕು. ಹೆರುವವಳೂ ಮಾತಾಡುವಂತಿಲ್ಲ. ಇಪ್ಪತ್ತು ವರ್ಷ ಹೀಗೇ ನಡೆಯಿತಂತೆ.

ಒಂದು ಸಲ ಅದೇ ಊರಿನ ಗಂಗವ್ವನಿಗೆ ನೋವು ಬಂತು. ಚೊಚ್ಚಲು. ಕೂಸು ಅಡ್ಡ ಕೂತಿತ್ತು. ಗಂಗವ್ವ ಮತ್ತೆ ಮತ್ತೆ ಮೇಲೆ ಏಳಲು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಫಕೀರವ್ವ ಅವಳ ಹೆಗಲು ಹಿಡಿದು ಮಲಗಿಸಿದಳು, ಸುಮ್ಮನಿರು ಅಂದಳು. ಮುಂಜಾನೆ ಬಂದ ನೋವು ಸಂಜೆಯ ತನಕ ಎಳೆಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಯಾರೂ ಫಕೀರವ್ವನನ್ನು ಬೈಯಲಿಲ್ಲವಂತೆ. ಹಣೆಬರಹ ಅಂದರು, ಶಿವನ ಇಚ್ಛೆ ಅಂದರು. ಅದೇ ಅವಳನ್ನು ಹೆಚ್ಚು ಕಾಡಿತು. ಬೈದಿದ್ದರೆ ತಿರುಗಿ ಜಗಳವಾಡಬಹುದಿತ್ತು. ಈಗ ಅವಳ ಮುಂದೆ ಒಂದೇ ಪ್ರಶ್ನೆ ಉಳಿದಿತ್ತು. ಆ ಹುಡುಗಿ ಏನು ಹೇಳಲು ಹೊರಟಿದ್ದಳು?

ಎಂಟು ದಿನ ತಡೆದಳು. ಒಂಬತ್ತನೆಯ ದಿನ ಹೋಗಿ ಗಂಗವ್ವನ ಮಗ್ಗುಲಲ್ಲಿ ನೆಲದ ಮೇಲೆ ಕೂತಳು.

"ಅವತ್ತು ಏನೋ ಹೇಳಾಕ ಹೊಂಟಿದ್ದಿ. ಏನದು?"

ಗಂಗವ್ವ ಗೋಡೆಗೆ ಒರಗಿ ಎದ್ದು ಕೂತಳು. ಆಮೇಲೆ ಹೇಳಿದಳು, "ಮೊಣಕಾಲ ಊರಿ, ಕೈ ಊರಿ, ಬಗ್ಗಬೇಕು ಅನ್ನಸ್ತಿತ್ತು ದೊಡ್ಡವ್ವ. ಬಗ್ಗಿದ್ರ ಒಳಗ ಏನೋ ಸಡಲ ಆಕ್ಕಿತ್ತು. ನೀ ಬಿಡಲಿಲ್ಲ."

"ಹಂಗ ಮಾಡಬೇಕು ಅಂತ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಮೈಗೇ ಗೊತ್ತಿತ್ತು."

ಮೈಗೆ ಹೇಗೆ ಗೊತ್ತಾಗುತ್ತದೆ? ಮನೆಗೆ ಬಂದ ಫಕೀರವ್ವನಿಗೆ ರೊಟ್ಟಿ ಸೇರಲಿಲ್ಲ. ಅತ್ತೆ ಹೇಳಿಕೊಟ್ಟದ್ದರಲ್ಲಿ ಇದು ಇರಲಿಲ್ಲ. ಹಾಗಾದರೆ ಇಲ್ಲದ್ದು ಇನ್ನೆಷ್ಟಿರಬಹುದು? ನಾಲ್ಕು ಕಾಲಿನ ಮೇಲೆ ನಿಂತು ಈಯುವ ಜೀವಗಳನ್ನಾದರೂ ನೋಡೋಣ ಅಂತ ಅವಳಿಗೆ ಹೊಳೆಯಿತಂತೆ.

ಆಗ ಊರಾಚೆಯ ಬೀಳುಹೊಲದಲ್ಲಿ ಮಾಳಿಂಗ ಅನ್ನುವ ಕುರುಬ ತನ್ನ ಹಿಂಡು ತಂದು ಹಟ್ಟಿ ಹಾಕಿದ್ದ. ಕುರಿಗಳು ಈಯುವ ಕಾಲ. ಫಕೀರವ್ವ ನಡೆದು ಹೋಗಿ, ಅಡ್ಡ ಬಿದ್ದ ಮರಿಯನ್ನು ನೀನು ಹೇಗೆ ತೆಗೆಯುತ್ತೀ, ನನಗೆ ಕಲಿಸು ಅಂದಳಂತೆ. ಮಾಳಿಂಗನಿಗೆ ನಗು ಬಂತು. ನಾನು ಹುಟ್ಟಿದ್ದೂ ನಿಮ್ಮ ಅತ್ತೆಯ ಕೈಯಲ್ಲೇ, ನಾನು ನಿಮಗೆ ಕಲಿಸುವುದೇ ಅಂದ.

"ನನಗೇನು ಗೊತ್ತೈತಿ ಯವ್ವಾ, ಕುರಿಗೆ ಗೊತ್ತೈತಿ. ಕುಂತು ನೋಡ್ರಿ."

ಅವಳು ಕೂತಳು. ಹಿಂಡು ಅಲ್ಲಿ ಇದ್ದಷ್ಟು ದಿನ, ದಿನವೂ ಹೋಗಿ ಕೂತಳು ಅಂತಾರೆ. ಊರವರು ಆಡಿಕೊಂಡರು. ಫಕೀರವ್ವನಿಗೆ ತಲೆ ಕೆಟ್ಟಿದೆ, ಇನ್ನು ನಮ್ಮ ಸೊಸೆಯಂದಿರಿಗೂ ಹುಲ್ಲು ತಿನ್ನಿಸುತ್ತಾಳೆ ಅಂದರು. ಅವಳಿಗೆ ಅದು ಕೇಳಿಸಲೇ ಇಲ್ಲವೋ, ಕೇಳಿಸಿದರೂ ಲಕ್ಷ್ಯ ಕೊಡಲಿಲ್ಲವೋ.

ಒಂದು ಮಧ್ಯಾಹ್ನ ಒಂದು ಕುರಿಗೆ ಮರಿ ಅಡ್ಡವಾಯಿತು. ಮಾಳಿಂಗ ಕೈಗೆ ಎಣ್ಣೆ ಸವರಿಕೊಂಡು ಒಳಗೆ ಹಾಕಿದ. ಫಕೀರವ್ವ ಕಣ್ಣರೆಪ್ಪೆ ಬಡಿಯದೆ ನೋಡಿದಳು. ಕುರಿ ಮುಕ್ಕಿರಿದು ನೂಕಿದಾಗ ಅವನ ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ಕುರಿ ಉಸಿರು ಬಿಟ್ಟಾಗ ಬೆರಳಷ್ಟೇ ಸರಿಯುತ್ತಿತ್ತು. ಯಾಕೆ ನಿಲ್ಲಿಸಿದೆ ಅಂತ ಕೇಳಿದಳು.

"ಅದು ನೂಕುವಾಗ ನಾನೂ ನೂಕಿದ್ರ ಇಬ್ಬರಿಗೂ ಜಗಳ ಆಕ್ಕೈತ್ರಿ. ಅದು ಬಿಟ್ಟಾಗ ನಾ ಮಾಡ್ತೀನಿ."

ಇಪ್ಪತ್ತು ವರ್ಷ ತಾನು ಜಗಳವನ್ನೇ ಮಾಡಿದ್ದೆ ಅಂತ ಫಕೀರವ್ವನಿಗೆ ಅಲ್ಲಿ ಕೂತಲ್ಲೇ ತಿಳಿಯಿತಂತೆ. ಅತ್ತಳು ಅಂತ ಕೆಲವರು ಹೇಳುತ್ತಾರೆ. ಇಲ್ಲ, ಎದ್ದು ಕೈಗೆ ಎಣ್ಣೆ ಹಚ್ಚಿಕೊಂಡು ಮುಂದಿನ ಕುರಿಯ ಹತ್ತಿರ ಹೋದಳು ಅಂತ ಇನ್ನು ಕೆಲವರು. ಎರಡೂ ಆಗಿರಬಹುದು.

ಮರುವರ್ಷ ಗಂಗವ್ವ ಮತ್ತೆ ಬಸುರಾದಳು. ಈ ಸಲವೂ ಕೂಸು ಅಡ್ಡವೇ. ನೋವು ಬಂದ ದಿನ ಅವಳ ಅತ್ತೆ ಚಿನ್ನವ್ವ ಬಾಗಿಲಿಗೆ ಅಡ್ಡ ನಿಂತು, ಆ ಫಕೀರವ್ವನ ಕೈ ನನ್ನ ಮನೆಯೊಳಗೆ ಬರಬಾರದು ಅಂದಳು. ಒಳಗಿನಿಂದ ಗಂಗವ್ವನೇ ಕೂಗಿ ಹೇಳಿದಳು, "ಅಕೀನ ಬರಲಿ. ಅಕೀ ನನ್ನ ಕೇಳ್ಯಾಳ."

ಫಕೀರವ್ವ ಒಳಗೆ ಬಂದವಳೇ ಗಂಗವ್ವನ ಮುಂದೆ ಕೂತು, "ಹೇಳವ್ವಾ, ಹೆಂಗ ಅನ್ನಸ್ತೈತಿ?" ಅಂದಳು. ಗಂಗವ್ವ ಮೊಣಕಾಲೂರಿ ಬಗ್ಗಿದಳು. ಫಕೀರವ್ವ ನೋವು ಬಂದಾಗ ಕೈ ನಿಲ್ಲಿಸಿದಳು, ನೋವು ಹೋದಾಗ ಕೈ ಸರಿಸಿದಳು. ಬಿಸಿಲು ಮಾಳಿಗೆಯಿಂದ ಅಂಗಳಕ್ಕೆ ಇಳಿಯಿತು. ಕೊನೆಗೆ ಕೂಸು ಹೊರಳಿ ಹೊರಗೆ ಬಂತು. ಹೆಣ್ಣು ಕೂಸು. ಆದರೆ ಅಳಲಿಲ್ಲ. ಮೈ ನೀಲಿ.

ಫಕೀರವ್ವ ಅಂಗಾಲು ತಟ್ಟಿದಳು, ಬಾಯಿ ಒರೆಸಿದಳು. ಕೂಸು ಅಲುಗಲಿಲ್ಲ. ಆಗ ಅವಳು ತಲೆ ಎತ್ತಿ, ಬಾಗಿಲಲ್ಲಿ ನಿಂತಿದ್ದ ಚಿನ್ನವ್ವನನ್ನು ನೋಡಿ, "ನನಗ ತಿಳಿದದ್ದು ಮುಗೀತು. ನಿನಗೇನರ ಗೊತ್ತಿದ್ರ ಮಾಡು" ಅಂದಳಂತೆ.

ಆ ಕೋಣೆಯಲ್ಲಿ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಚಿನ್ನವ್ವ ಹೊಸ್ತಿಲು ದಾಟಿ ಬಂದು ಮೂಲೆಯಲ್ಲಿದ್ದ ಒರಟು ಕಂಬಳಿ ಎಳೆದುಕೊಂಡು, ಕೂಸನ್ನು ಬೋರಲು ಹಾಕಿಕೊಂಡು ಬೆನ್ನು ತಿಕ್ಕಿದಳು. ತನ್ನ ತವರಲ್ಲಿ ಅಜ್ಜಿ ಹೀಗೆ ಮಾಡಿದ್ದನ್ನು ಸಣ್ಣವಳಿದ್ದಾಗ ನೋಡಿದ್ದಳಂತೆ, ಯಾರೂ ಕೇಳದ್ದರಿಂದ ಯಾರಿಗೂ ಹೇಳಿರಲಿಲ್ಲ. ತಿಕ್ಕಿದಳು, ತಿಕ್ಕಿದಳು. ಕೂಸು ಒಮ್ಮೆ ಸೀನಿತು. ಆಮೇಲೆ ಅತ್ತಿತು.

ಫಕೀರವ್ವ ಮೊದಲು ಕೇಳಿದ್ದು ಇಷ್ಟೇ ಅಂತಾರೆ: "ಕೆಳಗಿಂದ ಮ್ಯಾಲ ತಿಕ್ಕಿದ್ಯೋ, ಮ್ಯಾಲಿಂದ ಕೆಳಗೋ?"

ಅಲ್ಲಿಂದ ಅವಳ ಕತೆ ಬೆಳೆಯುತ್ತಾ ಹೋಯಿತು. ಬಾವಿ ತೋಡುವವರ ಹತ್ತಿರ ಉಸಿರು ಹಿಡಿಯುವುದನ್ನು ಕಲಿತಳಂತೆ. ಗರಡಿಯ ಪೈಲ್ವಾನರ ಹತ್ತಿರ ಸೊಂಟ ನೀವುವುದನ್ನು ಕಲಿತಳಂತೆ. ಹಕ್ಕಿಗಳ ಮಾತೂ ಅವಳಿಗೆ ತಿಳಿಯುತ್ತಿತ್ತಂತೆ. ಅದು ನಿಜವೋ ಅಲ್ಲವೋ, ನಾನಂತೂ ಹೇಳಲಾರೆ. ಸಾಯುವ ದಿನ ಬಾಯಿಗೆ ನೀರು ಬಿಡಲು ಬಂದವಳನ್ನು, ತಲೆಯನ್ನು ಇಷ್ಟು ಹಗುರ ಎತ್ತುವುದನ್ನು ಎಲ್ಲಿ ಕಲಿತೆ ಅಂತ ಕೇಳಿದಳಂತೆ. ಉತ್ತರ ಪೂರ್ತಿ ಕೇಳಿಸಿಕೊಂಡೇ ಕಣ್ಣು ಮುಚ್ಚಿದಳು ಅಂತಾರೆ.

ಈಗ ಆ ಕಡೆಯವರೆಲ್ಲ ಹೆರಿಗೆಗೆ ಆಸ್ಪತ್ರೆಗೇ ಹೋಗುತ್ತಾರೆ. ಆದರೂ ಹಿರೇಬನ್ನಿಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಹೆಸರು ಕರೆಯುವ ಮೊದಲು, ಬಾಣಂತಿಯನ್ನು ಮಣೆಯ ಮೇಲೆ ಕೂರಿಸಿ ಮುದುಕಿಯರೆಲ್ಲ ಕೆಳಗೆ ನೆಲದ ಮೇಲೆ ಕೂರುತ್ತಾರೆ. ನಮಗೆ ಗೊತ್ತಿಲ್ಲದ್ದು ನೀನೇನು ಕಂಡೆ, ಹೇಳು ಅನ್ನುತ್ತಾರೆ. ಅವಳು ಹೇಳುವ ತನಕ ತೊಟ್ಟಿಲು ತೂಗುವುದಿಲ್ಲ. ಹೋದ ವರ್ಷ ಹತ್ತೊಂಬತ್ತರ ಹುಡುಗಿಯೊಬ್ಬಳು ತಲೆ ತಗ್ಗಿಸಿ ಮೆಲ್ಲಗೆ ಏನೋ ಹೇಳಿದಳಂತೆ. ಎಂಬತ್ತು ದಾಟಿದ ಮುದುಕಿಯೊಬ್ಬಳು ಕಿವಿಗೆ ಕೈ ಹಚ್ಚಿ, ನೆಲದ ಮೇಲೆ ಇನ್ನಷ್ಟು ಹತ್ತಿರ ಸರಿದು, "ಇನ್ನೊಮ್ಮೆ ಹೇಳವ್ವಾ" ಅಂದಳಂತೆ.