ನೀಲವ್ವನ ಎಲೆ

ಹೊಳೆದಂಡೆಯ ಮಠದಲ್ಲಿ ಮರುಳಾರಾಧ್ಯರ ಮೂವರು ಶಿಷ್ಯರು ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅವರಲ್ಲಿ ಹಿರಿಯ ಚನ್ನವೀರ.

ಸೀಮೆಯ ದೇಸಾಯರು ಒಂದು ಮಾತು ಕೊಟ್ಟಿದ್ದರು. ಪರೀಕ್ಷೆಗೆ ಕೂತ ಮಕ್ಕಳೆಲ್ಲ ತಡವರಿಸದೆ ಮಗ್ಗಿ ಒಪ್ಪಿಸಿದರೆ ಮೂವರಿಗೂ ಶಾಲು, ವರ್ಷದ ಕಾಳು. ಒಂದು ಮಗು ತಪ್ಪಿದರೂ ಮೂವರಿಗೂ ಇಲ್ಲ.

ಅಂದಿನಿಂದ ಜೊತೆಯವರಿಬ್ಬರೂ ಚನ್ನವೀರನ ಮುಖ ನೋಡತೊಡಗಿದರು. ಏಳರ ಮಗ್ಗಿಯಲ್ಲಿ ಎಡವುವ ನೀಲವ್ವ ಅವನ ಬಳಿ ಕಲಿಯುವವಳು.

ಪರೀಕ್ಷೆಯ ಬೆಳಗ್ಗೆ ಚನ್ನವೀರ ಅವಳನ್ನು ಕರೆದು, ಪೂಜೆಗೆ ಹೊಳೆಯಾಚೆಯ ಬಿಲ್ವಪತ್ರೆಯೇ ಬೇಕು ಅಂದ. ಮಠದ ಹಿತ್ತಲಲ್ಲೇ ಬಿಲ್ವದ ಮರವಿತ್ತು. ಹುಡುಗಿ ಯಾಕೆಂದು ಕೇಳದೆ ಓಡಿದಳು.

ಉಳಿದ ಮಕ್ಕಳು ಗಿಳಿಗಳ ಹಾಗೆ ಒಪ್ಪಿಸಿದರು. ದೇಸಾಯರು ಮೂವರಿಗೂ ಶಾಲು ಹೊದಿಸಿ ಊಟಕ್ಕೆ ಉಳಿದರು.

ಎಲ್ಲರೂ ಬಂದು ಕೂತ ಮೇಲೆಯೇ ಮೊದಲ ತುತ್ತು ಎನ್ನುವುದು ಆ ಮಠದ ಪದ್ಧತಿ. ಎಲೆ ಹಾಕುವವರು ಗುರುಗಳೇ. ಅಂದು ಹುಗ್ಗಿ ಬಡಿಸಿಯಾಯಿತು. ಚನ್ನವೀರನ ಪಕ್ಕದ ಎಲೆಯ ಮುಂದೆ ಮಾತ್ರ ಯಾರೂ ಇರಲಿಲ್ಲ.

ಹುಗ್ಗಿ ಆರತೊಡಗಿತು. ದೇಸಾಯರೂ ಕೈಕಟ್ಟಿ ಕೂತರು.

"ಅಜ್ಜಾರ, ಮಕ್ಕಳು ಹಸದಾವ. ಶುರು ಮಾಡೂಣೇನ್ರಿ?" ಚನ್ನವೀರ ಗುರುಗಳನ್ನು ಕೇಳಿದ.

"ಒಬ್ಬಾಕಿ ಬರಬೇಕಲ್ಲ."

"ನೀಲವ್ವ ಪತ್ರಿ ತರಾಕ ಹೋಗ್ಯಾಳ್ರಿ."

"ಯಾರು ಕಳಿಸಿದ್ರು?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಚನ್ನವೀರ ಹುಗ್ಗಿ ನೋಡುತ್ತ ಕೂತ. ಹೆಗಲ ಮೇಲಿನ ಶಾಲು ಚುಚ್ಚುತ್ತಿತ್ತು.

ಅಷ್ಟರಲ್ಲಿ ನೀಲವ್ವ ಬಂದಳು. ಲಂಗ ಮೊಣಕಾಲಿನವರೆಗೆ ತೊಯ್ದಿತ್ತು, ಉಡಿಯ ತುಂಬ ಪತ್ರೆ. ಚನ್ನವೀರನ ಮೈಮೇಲೆ ಶಾಲು ಕಂಡು ಅವಳ ಮುಖ ಅರಳಿತು.

"ನಾವು ಗೆದ್ದಿವೇನ್ರಿ? ದಾರ್ಯಾಗೆಲ್ಲ ಏಳರ ಮಗ್ಗಿ ಹೇಳಿಕೋತ ಬಂದೇನ್ರಿ. ಈಗ ತಪ್ಪೂದಿಲ್ಲ."

ನಾವು ಅಂದಳಲ್ಲ ಹುಡುಗಿ. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಚನ್ನವೀರನಿಗೆ. ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ. ಎದ್ದು ನಿಂತ. ಜೊತೆಯವರಿಬ್ಬರೂ ಬೇಡವೆಂದು ಕಣ್ಸನ್ನೆ ಮಾಡಿದರು.

"ಈಕಿ ತಪ್ಪಿಯಾಳು ಅಂತ ನಾನಽ ದೂರ ಕಳಿಸಿದ್ದೆ, ದೇಸಾಯರ. ಈ ಶಾಲು ನಮಗ ಸಲ್ಲೂದಿಲ್ಲ."

ಚನ್ನವೀರ ಶಾಲು ತೆಗೆದು ಗುರುಗಳ ಪಾದದ ಬಳಿ ಇಟ್ಟ. ಅವರು ಅದನ್ನೆತ್ತಿ ಮತ್ತೆ ಅವನ ಕೈಗೇ ಕೊಟ್ಟರು.

"ನನ್ನ ಕಾಲಿಗೆ ಯಾಕ ಇಡ್ತಿ? ಅಕೀ ಕಾಲು ತೊಯ್ದಾವ, ಒರಸು."