ಕಬ್ಬಿಣದ ಪೆಟ್ಟಿಗೆಯೊಳಗಿನ ವೈಫೈ

ಇದನ್ನು ನನಗೆ ಮೊದಲು ಹೇಳಿದವಳು ಲೇಡೀಸ್ ಹಾಸ್ಟೆಲಿನಲ್ಲಿ ಓದುತ್ತಿರುವ ನಮ್ಮಕ್ಕನ ಮಗಳು ಮಾನ್ವಿ.

ಹುಡುಗಿಯರು ರೂಟರನ್ನು ಮುಟ್ಟಬಾರದೆಂದು ವಾರ್ಡನ್ ಅದನ್ನು ದಪ್ಪ ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿಸಿದರು. ಒಂದು ಮಧ್ಯಾಹ್ನ ಒಬ್ಬ ಹುಡುಗಿ ತನ್ನ ಲ್ಯಾಪ್‌ಟಾಪನ್ನು ತಂದು ಆ ಪೆಟ್ಟಿಗೆಯ ಕೆಳಗೇ ಇಟ್ಟಳು.

“ರೂಟರಣ್ಣ, ಐದು ಗಂಟೆಯೊಳಗೆ ಇವಳ ಪ್ರಾಜೆಕ್ಟ್ ಕಳಿಸದಿದ್ದರೆ ಫೇಲಾಗುತ್ತಾಳೆ. ಸ್ವಲ್ಪ ನೆಟ್ ಕೊಡು,” ಎಂದಿತು ಲ್ಯಾಪ್‌ಟಾಪ್.

“ಕೊಡುತ್ತಲೇ ಇದ್ದೇನಮ್ಮ. ಈ ಪೆಟ್ಟಿಗೆ ಹೊರಗೆ ಬಿಡಬೇಕಲ್ಲ?”

“ಬಿಡುವುದು ನನ್ನ ಕೆಲಸವಲ್ಲ,” ಎಂದಿತು ಪೆಟ್ಟಿಗೆ. “ನನ್ನನ್ನು ಇಟ್ಟಿರುವುದು ಕಾಯುವುದಕ್ಕೆ.”

“ಯಾರಿಗೂ ಸಿಗದಿರುವುದನ್ನು ಯಾರಿಂದ ಕಾಯುತ್ತೀ ಮಾರಾಯ?” ಎಂದಿತು ರೂಟರ್.

“ಅದನ್ನೆಲ್ಲ ವಾರ್ಡನ್ ಮೇಡಂನ ಕೇಳು.”

ಪ್ರಾಜೆಕ್ಟ್ ಅರ್ಧ ಹೋಗುವಷ್ಟರಲ್ಲಿ ಐದು ಗಂಟೆಯಾಯಿತು. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು.

ತಿಂಗಳ ಕೊನೆಗೆ ಕಾಲೇಜಿನ ಆಫೀಸಿನಿಂದ ಆದೇಶ ಬಂತು: ‘ಈ ಹಾಸ್ಟೆಲಿನವರು ನೆಟ್ ಬಳಸುವುದೇ ಕಡಿಮೆ. ಆದ್ದರಿಂದ ಅವರ ಪಾಲನ್ನು ಅರ್ಧಕ್ಕೆ ಇಳಿಸಲಾಗಿದೆ.’

“ನೋಡಿದೆಯಾ, ಚೂರೂ ಪೋಲಾಗದ ಹಾಗೆ ಕಾದೆ,” ಎಂದಿತು ಪೆಟ್ಟಿಗೆ.

ನೆಟ್ ಬಂದಮೇಲೆ ಈ ಕಥೆ ಕಳಿಸೋಣ ಎಂದುಕೊಳ್ಳಬೇಡಿ. ಪಕ್ಕದ ರೂಮಿನವರಿಗೆ ಇದನ್ನು ಬಾಯಲ್ಲೇ ಹೇಳಿಬಿಡಿ.